ಈಪಿಂಗ್: ಹೊರದೇಶದ ನಿಯಮ ಬದಲಾಗುವ ಮುನ್ನ ಎಚ್ಚರಿಸುವ ಉಚಿತ ಸೇವೆ

ಕಾಫಿ ಕಂಟೇನರ್ ಹಡಗು ಹತ್ತಿದ ಮೇಲೆ ಕೊಳ್ಳುವ ದೇಶದಲ್ಲಿ ನಿಯಮ ಬದಲಾಗಿದೆಯೆಂದು ತಿಳಿದರೆ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ. ಅದಕ್ಕೇ ವಿಶ್ವ ವ್ಯಾಪಾರ ಸಂಸ್ಥೆಯ ಎಸ್‌ಪಿಎಸ್ ಒಪ್ಪಂದದಲ್ಲಿ ಕಟ್ಟುಪಾಡೊಂದಿದೆ: ಆಹಾರ ಸುರಕ್ಷತೆ, ಪ್ರಾಣಿ-ಸಸ್ಯ ಆರೋಗ್ಯದ ಹೊಸ ನಿಯಮ ಅಂತರರಾಷ್ಟ್ರೀಯ ಮಾನದಂಡಕ್ಕಿಂತ ಬೇರೆಯಾಗಿದ್ದು ವ್ಯಾಪಾರಕ್ಕೆ ತಟ್ಟುವಂತಿದ್ದರೆ, ಅದನ್ನು ತರುವ ದೇಶ ಕರಡಿನ ಹಂತದಲ್ಲೇ ಇತರ ದೇಶಗಳಿಗೆ ತಿಳಿಸಬೇಕು. ಆ ಅಧಿಸೂಚನೆಗಳನ್ನು ನಮ್ಮ ಈಮೇಲ್‌ಗೆ ಮುಟ್ಟಿಸುವುದು ಈಪಿಂಗ್. 2016ರಿಂದ ಇದೆ, ದುಡ್ಡು ಕೊಡಬೇಕಿಲ್ಲ.

ನೋಂದಣಿ ಸಲೀಸು. ದೇಶ, ಉತ್ಪನ್ನ ಆರಿಸಿ, ದಿನಕ್ಕೊಮ್ಮೆಯೋ ವಾರಕ್ಕೊಮ್ಮೆಯೋ ಹೇಳಿದರೆ ಸಾಕು. ಎಡವುವುದು ಫಿಲ್ಟರ್‌ನಲ್ಲಿ. ಕಾಫಿಗೆ 0901, ಕಾಳುಮೆಣಸಿಗೆ 0904 ಎಂದು ಎಚ್‌ಎಸ್ ಕೋಡ್ (ಸರಕನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ) ಹಾಕಿ ನಿಶ್ಚಿಂತೆಯಿಂದ ಕೂರುವವರೇ ಹೆಚ್ಚು. ಆದರೆ ಕೀಟನಾಶಕ ಶೇಷದ ಅಧಿಸೂಚನೆಗಳಲ್ಲಿ ‘ಧಾನ್ಯ, ಹಣ್ಣು, ತರಕಾರಿ’ ಎಂಬ ಒಟ್ಟು ವಿವರಣೆಯಷ್ಟೇ ಇರುವುದುಂಟು. ಅಂಥವು ಈ ಗಾಳಕ್ಕೆ ಸಿಗದೆ ಜಾರಿಹೋಗುತ್ತವೆ. ಹಾಗಾಗಿ ತೋಟದಲ್ಲಿ ಬಳಸುವ ಔಷಧಿಯ ಹೆಸರನ್ನೇ ಕೀವರ್ಡ್ ಮಾಡಿ, ಉತ್ಪನ್ನದ ಜಾಗ ಖಾಲಿ ಬಿಟ್ಟು, ಎರಡನೇ ಫಿಲ್ಟರ್ ಮಾಡಿಡಿ. ಡಬ್ಬಿಯ ಮೇಲಿನ ಬ್ರ್ಯಾಂಡ್ ಹೆಸರಲ್ಲ, ಒಳಗಿನ ರಾಸಾಯನಿಕದ ಹೆಸರು. ದೇಶವನ್ನು ಮಾತ್ರ ಆರಿಸಲೇಬೇಕು, ಇಲ್ಲದಿದ್ದರೆ ಇನ್‌ಬಾಕ್ಸ್ ತುಂಬಿಹೋಗುತ್ತದೆ.

ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕವನ್ನೇ ನೋಡಿ. ಐರೋಪ್ಯ ಒಕ್ಕೂಟ 2020ರ ನವೆಂಬರ್ 13ರಿಂದ ಆಹಾರದಲ್ಲಿ ಅದರ ಶೇಷದ ಮಿತಿಯನ್ನು ಕಿಲೋಗೆ 0.01 ಮಿಲಿಗ್ರಾಂಗೆ ಇಳಿಸಿತು, ಅಂದರೆ ಒಂದು ಟನ್ನಿಗೆ 10 ಮಿಲಿಗ್ರಾಂ. ನಮ್ಮಲ್ಲಿ ಅರೇಬಿಕಾ ಕೊಯ್ಲು ಶುರುವಾಗುವುದೂ ಆಗಲೇ. ಕಾಫಿ ಗಿಡದ ಕಾಂಡ ಕೊರೆಯುವ ಬಿಳಿ ಕಾಂಡಕೊರಕ ಕೀಟಕ್ಕೆ ಏಪ್ರಿಲ್-ಮೇನಲ್ಲಿ ಏನು ಸಿಂಪಡಿಸಬೇಕೆಂದು ತೀರ್ಮಾನಿಸುವ ಬೆಳೆಗಾರನಿಗೆ ಕರಡಿನ ಸುದ್ದಿ ಸಿಂಪಡಣೆಯ ಹೊತ್ತಿಗೇ ಸಿಗಬೇಕು.

ಅಧಿಸೂಚನೆ ತೆರೆದಾಗ ಮೂರು ಕಡೆ ಕಣ್ಣು ಹಾಯಿಸಿ: ಯಾವ ಉತ್ಪನ್ನ, ಜಾರಿಯ ದಿನಾಂಕ, ಅಭಿಪ್ರಾಯ ತಿಳಿಸಲು ಕೊನೆಯ ದಿನ. ಸಾಮಾನ್ಯವಾಗಿ 60 ದಿನ ಸಿಗುತ್ತದೆ. ತುರ್ತು ಅಧಿಸೂಚನೆಯಾದರೆ ನಿಯಮ ಮೊದಲೇ ಜಾರಿಯಾಗಿರಬಹುದು. ಹಳೆಯ ದಾಸ್ತಾನಿಗೆ ವಿನಾಯಿತಿ ಇದೆಯೇ ಎಂಬುದು ಲಗತ್ತಿಸಿದ ಕರಡಿನಲ್ಲಿರುತ್ತದೆ. ಸಂಖ್ಯೆಯ ಬಾಲದಲ್ಲಿ ‘ಆಡ್.1’ ಎಂದಿದ್ದರೆ ಅದು ಅನುಬಂಧ. ಅಂತಿಮ ನಿಯಮ, ಮುಂದೂಡಿದ ದಿನಾಂಕ ಬರುವುದು ಅದರಲ್ಲೇ, ಅಳಿಸಬೇಡಿ.

ಕೊರತೆಯೂ ಇದೆ. ಸಾರಾಂಶ ಇಂಗ್ಲಿಷ್, ಫ್ರೆಂಚ್, ಸ್ಪ್ಯಾನಿಷ್‌ನಲ್ಲಿ. ಪೂರ್ಣ ಪಠ್ಯ ಎಷ್ಟೋ ಸಲ ಚೀನೀ ಅಥವಾ ಜಪಾನಿ ಭಾಷೆಯಲ್ಲಿ. ಬೆಳೆಗಾರನಿಗೆ ಕನ್ನಡದಲ್ಲಿ ಹೇಳುವ ಹೊಣೆ ರಫ್ತುದಾರರದ್ದೇ. ಆಕ್ಷೇಪಣೆ ನಮ್ಮ ಸರ್ಕಾರದ ವಿಚಾರಣಾ ಕೇಂದ್ರದ ಮೂಲಕ ಹೋಗಬೇಕು; ಅವುಗಳ ವಿಳಾಸ ಈಪಿಂಗ್‌ನಲ್ಲೇ ಇದೆ. ಲ್ಯಾಬ್ ವರದಿಯ ಜೊತೆಗೆ, ಗಡುವಿಗೆ ಎರಡು ಮೂರು ವಾರ ಮುಂಚೆಯೇ ಕಳಿಸಿ. ಒಟ್ಟಾರೆ ಈಪಿಂಗ್‌ಗೆ ನನ್ನ ಕಡೆಯಿಂದ ಐದಕ್ಕೆ ನಾಲ್ಕು ಅಂಕ.