ಕೈಯಲ್ಲಿ ಒಗೆಯೋದಾ, ಮೆಷಿನ್ನಾ? ಎರಡೂ ಮಾಡಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮೆಷಿನ್‌ಗೆ. ಹಳೆಯದು ಕೆಟ್ಟು ನಿಂತಾಗ ರಿಪೇರಿಯವರು ಬೋರ್ಡ್ ಸುಟ್ಟಿದೆ, ಹೊಸದೇ ತಗೊಳ್ಳಿ ಎಂದರು. ಕೈಯಲ್ಲಿ ಅಷ್ಟು ದುಡ್ಡಿರಲಿಲ್ಲ. 3 ತಿಂಗಳು ನಾನೂ ನನ್ನವರೂ ಕೈಯಲ್ಲೇ ಒಗೆದೆವು. ಆಮೇಲೆ ಕೊಂಡ ಸಾದಾ ಮೆಷಿನ್‌ಗೆ ಈಗ 8 ತಿಂಗಳು. "ಮುಂದುವರಿದು ಏನು ಸುಖ ಕಂಡೆವು, ಹಿಂದಿನವರೇ ಚೆನ್ನಾಗಿದ್ದರು" ಎಂದು ಯಾರಾದರೂ ಅಂದಾಗ ನನಗೆ ಈ 11 ತಿಂಗಳು ನೆನಪಾಗುತ್ತವೆ.

ಮುಂದುವರಿದು ಸುಖ ಕಂಡೆವೇ ಎಂಬ ಪ್ರಶ್ನೆ ತುಂಬಾ ಹಳೆಯದು. 1749ರಲ್ಲಿ ಫ್ರಾನ್ಸಿನ ದಿಜೋನ್ ಅಕಾಡೆಮಿ ಒಂದು ಪ್ರಬಂಧ ಸ್ಪರ್ಧೆ ಇಟ್ಟಿತು. ವಿಜ್ಞಾನ, ಕಲೆ ಬೆಳೆದದ್ದರಿಂದ ಜನರ ನಡತೆ ಸುಧಾರಿಸಿದೆಯೇ ಎಂಬುದು ವಿಷಯ. ಇಲ್ಲ, ಕೆಟ್ಟಿದೆ ಎಂದು ಬರೆದ ಚಿಂತಕ ರೂಸೋಗೆ ಮರುವರ್ಷ ಬಹುಮಾನ ಬಂತು. ಅವನ ಸಂಗಾತಿ ತೆರೇಸ್ ಪ್ಯಾರಿಸ್ಸಿನ ವಸತಿಗೃಹವೊಂದರಲ್ಲಿ ಬಟ್ಟೆಬರೆ ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದವಳು. ಅದೇ ಪ್ರಶ್ನೆಯನ್ನು ಅವಳಿಗೂ ಕೇಳಬೇಕಿತ್ತು.

ಕೈಯಲ್ಲಿ ಒಗೆಯುವುದೆಂದರೆ ಸೋಪು, ಬ್ರಷ್ಷು ಅಂತ ಅಂದುಕೊಂಡಿದ್ದೆ. ಅಲ್ಲ, ಅದು ನೀರು ಹೊರುವ ಕೆಲಸ. 15 ಲೀಟರ್ ಬಕೆಟ್ ಅಂದರೆ 15 ಕೆಜಿ. ನೆನೆಹಾಕಲು ಒಂದು, ಜಾಲಾಡಿಸಲು ಮೂರು. ಅಲ್ಲಿಗೆ 60 ಕೆಜಿ ಎತ್ತಿ ಇಳಿಸಿದ ಹಾಗಾಯಿತು, ಅದೂ ನಲ್ಲಿ ಪಕ್ಕದಲ್ಲೇ ಇರುವಾಗ! ದೂರದಿಂದ ಹೊತ್ತು ತರುವವರ ಸೊಂಟ ಏನಾಗಬೇಡ? ಮೂರನೇ ವಾರಕ್ಕೆ ನನ್ನ ಬಲ ಮಣಿಕಟ್ಟು ಊದಿಕೊಂಡಿತು. ಬಾಟಲಿ ಮುಚ್ಚಳ ತಿರುಗಿಸಲೂ ಆಗುತ್ತಿರಲಿಲ್ಲ.

ಆ ದಿನಗಳಲ್ಲಿ ನನಗೆ ಇಷ್ಟವಾದದ್ದು ಬೆಡ್‌ಶೀಟ್ ಹಿಂಡುವುದು ಒಂದೇ. ಒಬ್ಬರ ಕೈಲಿ ಆಗದ ಕೆಲಸ. ಆ ತುದಿ ಅವರು, ಈ ತುದಿ ನಾನು. ಅವರು ಬಲಕ್ಕೆ ತಿರುಚಿದರೆ ನಾನು ಎಡಕ್ಕೆ. ಶೀಟು ಹಗ್ಗದ ಹಾಗೆ ಬಿಗಿಯಾಗಿ, ನಡುವಿನಿಂದ ನೀರು ಧಾರೆಯಾಗಿ ಸುರಿಯುತ್ತಿತ್ತು. ಕೈಯಲ್ಲಿ ಫೋನ್ ಹಿಡಿಯುವ ಹಾಗಿಲ್ಲ. ಹಾಗಾಗಿ ಮಾತು ತಾನಾಗಿ ಬರುತ್ತಿತ್ತು.

ಮೆಷಿನ್ ಬಂದ ಮೊದಲ ವಾರ ಹಬ್ಬ. ಬಟ್ಟೆ ತುಂಬಿ ಬಟನ್ ಒತ್ತಿ ಬಂದು ಕೂತರೆ ಮುಗಿಯಿತು. ಮಣಿಕಟ್ಟಿನ ನೋವು ಒಂದು ತಿಂಗಳಲ್ಲಿ ಹೋಯಿತು. ಕರೆಂಟು, ಸದ್ದು ನನಗೆ ದೊಡ್ಡ ವಿಷಯ ಅನ್ನಿಸಲಿಲ್ಲ.

ಕಿರಿಕಿರಿ ಶುರುವಾದದ್ದು ನಾಲ್ಕನೇ ತಿಂಗಳಿಗೆ. ಒಂದು ಸಂಜೆ ನೋಡುತ್ತೇನೆ, ಮಂಚದ ಮೇಲೆ ಮಡಚದ ಬಟ್ಟೆ ರಾಶಿ, ತಂತಿ ಮೇಲೆ ಇನ್ನೊಂದಷ್ಟು, ಮೆಷಿನ್ ಒಳಗೆ ಮತ್ತೊಂದಷ್ಟು. ಇರೋದು ಇಬ್ಬರೇ ಜನ. ಲೆಕ್ಕ ಹಾಕಿದೆ. ಕೈಯಲ್ಲಿ ಒಗೆಯುವಾಗ ವಾರಕ್ಕೆ ಒಂದೇ ಸಲ, ಸುಮಾರು 20 ಬಟ್ಟೆ. ಈಗ ವಾರಕ್ಕೆ 5 ಸಲ ಮೆಷಿನ್ ಓಡುತ್ತಿದೆ! ಒಂದು ಗಂಟೆ ಹಾಕಿಕೊಂಡ ಅಂಗಿಯನ್ನೂ ಸುಮ್ನೆ ಒಳಗೆ ಎಸೆಯುತ್ತಿದ್ದೆವು. ಮೊದಲಾದರೆ ಗಾಳಿಗೆ ಹಾಕಿ ಮತ್ತೆ ತೊಡುತ್ತಿದ್ದೆ.

ಮೆಷಿನ್ ತಿಕ್ಕುತ್ತದೆ, ಹಿಂಡುತ್ತದೆ. ಒಣಹಾಕಿ, ತೆಗೆದು, ಮಡಚಿ, ಒಳಗಿಡುವುದು ನಾವೇ ತಾನೇ? ಆ ಕೆಲಸ ದುಪ್ಪಟ್ಟಿಗಿಂತ ಜಾಸ್ತಿಯಾಗಿತ್ತು. ಉಳಿದ ಸಮಯ ಎಲ್ಲಿ ಹೋಯಿತು ಅಂತ ಹುಡುಕುತ್ತಿದ್ದೆ. ಅದು ಅಲ್ಲೇ, ಮಂಚದ ಮೇಲೆ ರಾಶಿಯಾಗಿ ಬಿದ್ದಿತ್ತು.

ಇದು ನಮ್ಮೊಬ್ಬರ ಮನೆಯ ಕಥೆಯಲ್ಲ ಅಂತ ಆಮೇಲೆ ಓದಿ ತಿಳಿಯಿತು. ಅಮೆರಿಕದ ಸಮಾಜಶಾಸ್ತ್ರಜ್ಞೆ ಜೋನ್ ವಾನೆಕ್ 1974ರಲ್ಲಿ ಹಳೆಯ ಸಮೀಕ್ಷೆಗಳನ್ನು ಹೋಲಿಸಿ ನೋಡಿದ್ದರು. ಹೊರಗೆ ದುಡಿಯದ ಗೃಹಿಣಿಯರು 1924ರಲ್ಲಿ ವಾರಕ್ಕೆ ಸುಮಾರು 52 ಗಂಟೆ ಮನೆಗೆಲಸ ಮಾಡುತ್ತಿದ್ದರು. 1960ರ ದಶಕದಲ್ಲಿ ಅದು ಸುಮಾರು 55 ಗಂಟೆ. ಬಟ್ಟೆಗೆ ಹಿಡಿಯುವ ಸಮಯವಂತೂ ಜಾಸ್ತಿಯೇ ಆಗಿತ್ತು, ಬಟ್ಟೆಯೂ ಹೆಚ್ಚು, ಒಗೆಯುವ ಸಲವೂ ಹೆಚ್ಚು. ಕಲ್ಲಿದ್ದಲಿನ ವಿಷಯದಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜೆವನ್ಸ್ ಇದನ್ನೇ 1865ರಲ್ಲಿ ಹೇಳಿದ್ದ: ಉಗಿಯಂತ್ರ ಸುಧಾರಿಸಿ ಕಡಿಮೆ ಕಲ್ಲಿದ್ದಲಿನಲ್ಲಿ ಕೆಲಸ ಆಗತೊಡಗಿದಾಗ ಒಟ್ಟು ಬಳಕೆ ಇಳಿಯುವುದಿಲ್ಲ, ಏರುತ್ತದೆ.

ಹಾಗಂತ ಹಳೆಯದಕ್ಕೆ ವಾಪಸ್ ಹೋಗಿ ಅಂದರೆ ನಾನು ಒಪ್ಪುವುದಿಲ್ಲ. ಸಿಡುಬಿನ ಲೆಕ್ಕ ತೆಗೆಯಿರಿ. 1796ರಲ್ಲಿ ಇಂಗ್ಲೆಂಡಿನ ವೈದ್ಯ ಜೆನ್ನರ್ ಲಸಿಕೆ ಹಾಕಿದ, 1980ರಲ್ಲಿ ಆ ರೋಗವೇ ಭೂಮಿಯ ಮೇಲಿಲ್ಲ ಎಂದು ಘೋಷಣೆಯಾಯಿತು. ಅಲ್ಲಿ ಹೋಲಿಕೆಯ ಪ್ರಶ್ನೆಯೇ ಬರುವುದಿಲ್ಲ. ಲಸಿಕೆ ಸಿಕ್ಕಿತೆಂದು ಯಾರೂ ಐದು ಪಟ್ಟು ರೋಗ ಬರಿಸಿಕೊಳ್ಳಲಿಲ್ಲ ಅಲ್ವಾ? ನೋವು ಕಳೆಯುವ ಸುಧಾರಣೆ ಪೂರ್ತಿ ಕೈಗೆ ಸಿಗುತ್ತದೆ. ಸಮಯ ಉಳಿಸುವುದು ಮಾತ್ರ ಸೋರಿಹೋಗುತ್ತದೆ, ಅದಕ್ಕೆ ನಾವೇ ಬಿರಡೆ ಹಾಕಬೇಕು.

ನಾವು ಹಾಕಿದ ಬಿರಡೆ ಇಷ್ಟೇ: ಬುಧವಾರ, ಭಾನುವಾರ ಬಿಟ್ಟು ಮೆಷಿನ್ ಮುಟ್ಟುವುದಿಲ್ಲ. ಬಾಗಿಲ ಹಿಂದೆ ಎರಡು ಮೊಳೆ ಹೊಡೆದು, ಮತ್ತೆ ತೊಡುವ ಬಟ್ಟೆ ಅಲ್ಲಿ ತೂಗುಹಾಕುತ್ತೇವೆ. ಮನೆ ತುಂಬ ಮಕ್ಕಳಿದ್ದವರಿಗೆ ಇದು ಆಗಲಿಕ್ಕಿಲ್ಲ. ಖರ್ಚು ನೋಡಿ ಮಾಡುವ ಇಬ್ಬರಿಗೆ ಧಾರಾಳ ಸಾಕು. ಭಾನುವಾರ ಸಂಜೆ ಒಣಗಿದ ಬೆಡ್‌ಶೀಟ್ ತೆಗೆದಾಗ ಅವರನ್ನು ಕರೆಯುತ್ತೇನೆ. ಫೋನ್ ಒಳಗಿಟ್ಟು ಬಂದು ಆ ತುದಿ ಹಿಡಿಯುತ್ತಾರೆ.