ಬಾದಾಮಿ, ಐಹೊಳೆ, ಪಟ್ಟದಕಲ್ಲು, ಮಹಾಕೂಟ: ಬಿಸಿಲಲ್ಲಿ ಸುತ್ತಿ ಬಂದವನ ಹೋಲಿಕೆ

ಗುಡ್ ಫ್ರೈಡೇ ಕೂಡಿಕೊಂಡು ಮೂರು ದಿನ ಸಾಲಾಗಿ ರಜೆ ಬಂದಾಗ ನಾನು, ಅವ್ವ ಮತ್ತು ಹನ್ನೊಂದು ವರ್ಷದ ಮಗಳು ವಿಜಯಪುರದಿಂದ ರೈಲಿನಲ್ಲಿ ಬಾದಾಮಿಗೆ ಹೋಗಿ ಅಲ್ಲಿಯೇ ಎರಡು ರಾತ್ರಿ ತಂಗಿದೆವು. ಈ ಕಡೆ ಬರುವವರಲ್ಲಿ ಅನೇಕರು ಒಂದೇ ದಿನದಲ್ಲಿ ನಾಲ್ಕೂ ಊರು ಮುಗಿಸಿಬಿಡುತ್ತಾರೆ. ಮಳೆ ಕಡಿಮೆಯಿರುವ ಈ ಬಯಲುಸೀಮೆಯಲ್ಲಿ ಏಪ್ರಿಲ್ ತಿಂಗಳ ಬಿಸಿಲು ಹೊತ್ತೇರುವ ಮೊದಲೇ ಬಂಡೆಯನ್ನು ಕಾಯಿಸುವುದರಿಂದ, ಯಾವ ಊರಿಗೆ ಯಾವ ಹೊತ್ತಿನಲ್ಲಿ ಹೋಗಬೇಕೆಂಬುದೇ ಅಲ್ಲಿ ನೋಡುವುದರ ಅರ್ಧ ಭಾಗವೆಂದು ನನಗೆ ತಿಳಿದದ್ದು ಈ ಸುತ್ತಾಟದಲ್ಲಿ.

ಬಾದಾಮಿಯನ್ನು ನಾವು ಎರಡು ಸಲ ನೋಡಿದೆವು. ಶುಕ್ರವಾರ ಸಂಜೆ ಅಗಸ್ತ್ಯ ತೀರ್ಥವೆಂಬ ಕೆರೆಯ ಮೂಡಣ ದಂಡೆಯ ಭೂತನಾಥ ಗುಡಿಗೆ ಹೋದಾಗ ಇಳಿಬಿಸಿಲು ನೇರವಾಗಿ ಗುಡಿಯ ಮೇಲೆ ಬಿದ್ದು, ಹಿಂದಿನ ಬಂಡೆ ಕೆಂಡದ ಬಣ್ಣಕ್ಕೆ ತಿರುಗಿತ್ತು. ಶುಕ್ರವಾರ ವಸ್ತುಸಂಗ್ರಹಾಲಯಕ್ಕೆ ರಜೆ ಇರುವುದರಿಂದ ಅದನ್ನು ಆ ದಿನಕ್ಕೆ ಇಟ್ಟುಕೊಳ್ಳಬಾರದು. ಗುಹೆಗಳಿಗೆ ಹೋದದ್ದು ಶನಿವಾರ ಬೆಳಿಗ್ಗೆ. ಮೊದಲನೆಯ ಗುಹೆಯ ನಟರಾಜನ ಹದಿನೆಂಟು ಕೈಗಳನ್ನು ಮಗಳು ಎರಡೆರಡು ಬಾರಿ ಎಣಿಸಿದಳು. ನನ್ನನ್ನು ಹಿಡಿದು ನಿಲ್ಲಿಸಿದ್ದು ಮೂರನೆಯ ಗುಹೆ. ಶಕ 500ರಲ್ಲಿ, ಅಂದರೆ ಕ್ರಿ.ಶ. 578ರಲ್ಲಿ ಚಾಲುಕ್ಯ ಮನೆತನದ ಮಂಗಲೇಶನು ಮಾಡಿಸಿದ ಈ ಗುಹೆಯಲ್ಲಿ ಅವನ ಕನ್ನಡ ಶಾಸನವೂ ಇದ್ದು, ಅದು ಗುಹಾಲಯವನ್ನು ‘ಕಲ್ಮನೆ’ ಎಂದು ಕರೆಯುತ್ತದೆ. ಗುಹೆ, ಲಯಣ ಮುಂತಾದ ಮಾತುಗಳಿಗಿಂತ ಇದು ಎಷ್ಟೋ ಹತ್ತಿರದ, ಸರಿಯಾದ ಮಾತೆಂದು ನನಗೆ ಅನ್ನಿಸಿತು. ಮೆಟ್ಟಿಲು ಏರಲಾಗದ ಹಿರಿಯರಿಗೆ ಗುಹೆಗಳು ಕಷ್ಟ. ಅವ್ವ ಮೊದಲನೆಯ ಗುಹೆ ನೋಡಿ, “ನಾ ಇಲ್ಲೇ ಕುಂದರ್ತೀನಿ, ನೀವು ಮ್ಯಾಲ ಹೋಗಿ ಬರ್ರಿ” ಎಂದರು. ಕೈಯಲ್ಲಿ ತಿಂಡಿಯ ಚೀಲ ಹಿಡಿದು ಹೋಗಬಾರದು, ಮಂಗಗಳು ಬಿಡುವುದಿಲ್ಲ.

ನಿಜವಾದ ಪೈಪೋಟಿ ಇರುವುದು ಐಹೊಳೆಗೂ ಪಟ್ಟದಕಲ್ಲಿಗೂ. ಬಾದಾಮಿಯಿಂದ ಸುಮಾರು 22 ಕಿಲೋಮೀಟರ್ ದೂರದ ಪಟ್ಟದಕಲ್ಲು ಮೊದಲು ಸಿಗುವುದರಿಂದ ಎಲ್ಲರೂ ಅದನ್ನು ನೋಡಿ ಮುಂದೆ ಹೋಗುತ್ತಾರೆ. ನಾವು ಭಾನುವಾರ ನಸುಕಿನಲ್ಲಿಯೇ ಹೊರಟು ಮೊದಲು ಐಹೊಳೆಗೆ ಹೋದೆವು.

ಪಟ್ಟದಕಲ್ಲಿನಲ್ಲಿರುವುದು ಪಳಗಿದ ಕೈಯ ಕೆಲಸ. ಚಾಲುಕ್ಯ ದೊರೆ ಇಮ್ಮಡಿ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದುದರ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಯಲ್ಲಿ ಇಂದಿಗೂ ಪೂಜೆ ನಡೆಯುತ್ತದೆ; ಒಳಗಿನ ಕಂಬಗಳ ಮೇಲೆ ರಾಮಾಯಣ, ಮಹಾಭಾರತದ ಕಥೆಗಳಿವೆ. ಮಲ್ಲಿಕಾರ್ಜುನ ಗುಡಿಯ, ಅಂತಸ್ತು ಅಂತಸ್ತಾಗಿ ಏರುವ ದ್ರಾವಿಡ ಶಿಖರದ ಪಕ್ಕದಲ್ಲಿಯೇ ಕಾಶಿವಿಶ್ವನಾಥದ, ಬಾಗಿ ಏರುವ ನಾಗರ ಶಿಖರ ನಿಂತಿರುವುದನ್ನು ಒಂದೇ ನೋಟದಲ್ಲಿ ನೋಡುವ ಅನುಕೂಲ ಇಲ್ಲಿದೆ. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಗುಂಪಿನ ಹೆಚ್ಚಿನ ಗುಡಿಗಳು ಒಂದೇ ಸಮತಟ್ಟಾದ ಆವರಣದಲ್ಲಿ ಇರುವುದರಿಂದ ಅವ್ವನಿಗೆ ನಡೆಯಲು ತೊಂದರೆಯಾಗಲಿಲ್ಲ. ಆದರೆ ನಾವು ಹನ್ನೊಂದು ಗಂಟೆ ದಾಟಿದ ಮೇಲೆ ತಲುಪಿದ್ದರಿಂದ, ಚಪ್ಪಲಿ ಬಿಟ್ಟು ಅಂಗಳ ದಾಟುವಾಗ ಹಾಸುಗಲ್ಲು ಅಂಗಾಲು ಸುಟ್ಟಿತು. ಒಳಗೆ ಕಾಲಿಟ್ಟ ಮೇಲೆ ತಂಪಿತ್ತು.

ಐಹೊಳೆಯಲ್ಲಿ ಗುಡಿಗಳು ಊರ ಮನೆಗಳ ನಡುವೆ, ಹೊಲದ ಬದುವಿನಲ್ಲಿ ಚೆದುರಿವೆ. ಅಲ್ಲಿ ಕಲ್ಲುಕುಟಿಗರು ಇನ್ನೂ ಯೋಚಿಸುತ್ತಿರುವುದು ಕಾಣಿಸುತ್ತದೆ. ಲಾಡಖಾನ ಗುಡಿಯ ಮಾಳಿಗೆಯ ಮೇಲೆ ಇಳಿಜಾರಾಗಿ ಹಾಸಿದ ಚಪ್ಪಡಿಗಳ ಸಂದುಗಳನ್ನು, ಮರದ ತೊಲೆಯಂತೆ ಕಡೆದ ಉದ್ದನೆಯ ಕಲ್ಲಿನ ಪಟ್ಟಿಗಳಿಂದ ಮುಚ್ಚಿದ್ದಾರೆ. ಮರದ ಮನೆ ಕಟ್ಟಿ ರೂಢಿಯಿದ್ದ ಕೈ ಕಲ್ಲಿಗೆ ಒಗ್ಗಿಕೊಳ್ಳುತ್ತಿರುವುದನ್ನು ಅಲ್ಲಿ ಬೆರಳಿಟ್ಟು ತೋರಿಸಬಹುದು. ದುರ್ಗ, ಅಂದರೆ ಕೋಟೆ, ಎಂಬುದರಿಂದ ಹೆಸರು ಪಡೆದ ದುರ್ಗ ಗುಡಿಯ ಹಿಂಬದಿ ಅರ್ಧವೃತ್ತವಾಗಿ ಬಳಸುತ್ತದೆ. ಅದರ ಸುತ್ತಲಿನ ಕಂಬಸಾಲಿನ ಮೊಗಸಾಲೆಯಲ್ಲಿ ನಡೆದರೆ ನೆರಳಿನಲ್ಲಿಯೇ ಒಂದು ಸುತ್ತು ಮುಗಿಯುತ್ತದೆ, ಗೂಡಿನಿಂದ ಗೂಡಿಗೆ ವರಾಹ, ನರಸಿಂಹ, ಮಹಿಷಮರ್ದಿನಿ ಎದುರಾಗುತ್ತಾರೆ. ಮೇಗುತಿ ಎಂಬ ಜೈನ ಗುಡಿಗೆ ಗುಡ್ಡ ಏರಬೇಕು. ಹರ್ಷನನ್ನು ತಡೆದ ಇಮ್ಮಡಿ ಪುಲಕೇಶಿಯನ್ನು ಹೊಗಳಿ ರವಿಕೀರ್ತಿ ಬರೆದ 634ರ ಶಾಸನ ಅಲ್ಲಿನ ಗೋಡೆಯಲ್ಲಿದೆ, ತನ್ನನ್ನು ಕಾಳಿದಾಸ, ಭಾರವಿಯರ ಸಾಲಿನಲ್ಲಿ ನಿಲ್ಲಿಸಿಕೊಂಡ ಆ ಕವಿಯ ಧೈರ್ಯ ನನಗೆ ಬಹಳ ಹಿಡಿಸಿತು. ಐಹೊಳೆಯಲ್ಲಿ ಹೊಟ್ಟೆಗೆ, ವಿಶ್ರಾಂತಿಗೆ ಅನುಕೂಲ ಕಡಿಮೆ, ನೀರು ಕೊಂಡೊಯ್ಯಲೇಬೇಕು. ಆದರೂ ಎರಡರಲ್ಲಿ ಒಂದನ್ನೇ ಆರಿಸಬೇಕೆಂದರೆ ನಾನು ಐಹೊಳೆಯನ್ನೇ ಆರಿಸುತ್ತೇನೆ, ಹಿರಿಯರು ಜೊತೆಗಿದ್ದರೆ ಮಾತ್ರ ಬೆಳಗಿನ ಹೊತ್ತನ್ನು ಪಟ್ಟದಕಲ್ಲಿಗೆ ಕೊಡುತ್ತೇನೆ.

ಮಟಮಟ ಮಧ್ಯಾಹ್ನಕ್ಕೆ ಮಾತ್ರ ಮಹಾಕೂಟಕ್ಕೆ ಸಾಟಿಯಿಲ್ಲ. ಶನಿವಾರ ಗುಹೆಗಳಿಂದ ಇಳಿದು ಟಂಟಂ ಆಟೋ ಮಾಡಿಕೊಂಡು ಮೊದಲು ಬನಶಂಕರಿಗೆ ಹೋದೆವು. ದರ್ಶನದ ನಂತರ, ಗುಡಿಯ ಮುಂದೆ ಬುಟ್ಟಿ ಇಟ್ಟುಕೊಂಡು ಕುಳಿತ ಅಕ್ಕನವರಿಂದ ಖಡಕ್ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು ಕಟ್ಟಿಸಿಕೊಂಡು ಮಹಾಕೂಟದ ಮರದ ಕೆಳಗೆ ಉಂಡೆವು. ಬನಶಂಕರಿಯಲ್ಲಿಯೇ ಕುಳಿತು ಉಣ್ಣಬಹುದು, ಆದರೆ ಜನಜಂಗುಳಿ ಹೆಚ್ಚು. ಮಹಾಕೂಟದಲ್ಲಿ ಸುತ್ತೆಲ್ಲ ಒಣಗಿ ನಿಂತಿದ್ದರೂ ವಿಷ್ಣು ಪುಷ್ಕರಿಣಿಗೆ ಒರತೆಯ ನೀರು ಬರುತ್ತಲೇ ಇತ್ತು, ಹುಡುಗರು ಈಜುತ್ತಿದ್ದರು, ಅವ್ವ ಮೆಟ್ಟಿಲ ಮೇಲೆ ಕುಳಿತು ಕಾಲು ಇಳಿಬಿಟ್ಟವರು ಮೂರು ಗಂಟೆಯವರೆಗೆ ಏಳಲಿಲ್ಲ.

ಮಂಗಲೇಶನು 602ರಲ್ಲಿ ಇಲ್ಲಿ ನಿಲ್ಲಿಸಿದ ಶಾಸನದ ಕಂಬ ಮಾತ್ರ ಈಗ ಮಹಾಕೂಟದಲ್ಲಿಲ್ಲ, ಅದು ನಮ್ಮ ವಿಜಯಪುರದ ವಸ್ತುಸಂಗ್ರಹಾಲಯದಲ್ಲಿದೆ. ಗೋಳಗುಮ್ಮಟದ ಮುಂದೆಯೇ ಇರುವ ಆ ಕಟ್ಟಡವನ್ನು ನಾನು ಎಷ್ಟೋ ಸಲ ಹಾಯ್ದು ಹೋಗಿದ್ದೆ. ಮುಂದಿನ ಭಾನುವಾರ ಮಗಳನ್ನು ಕರೆದುಕೊಂಡು ಹೋಗಿ ಕಂಬವನ್ನು ನೋಡಿ ಬಂದೆ.