ಕ್ಯಾಲಿಫೋರ್ನಿಯಾದಲ್ಲಿ ಕಟ್ಟಡ ಕೆಲಸದ ಬಾಕಿ: ಲೀನ್ ದಾಖಲಿಸುವುದೋ, ಪಾವತಿ ತಡೆ ನೋಟಿಸ್ ಕೊಡುವುದೋ?

ಕ್ಯಾಲಿಫೋರ್ನಿಯಾದಲ್ಲಿ ಖಾಸಗಿ ಕಟ್ಟಡಕ್ಕೆ ದುಡಿದ ಉಪಗುತ್ತಿಗೆದಾರರಿಗೆ ಹಣ ಬಾರದಿದ್ದಾಗ ಮುಖ್ಯವಾಗಿ ಎರಡು ದಾರಿಗಳಿವೆ. ಕೌಂಟಿ ರೆಕಾರ್ಡರ್ ಕಚೇರಿಯಲ್ಲಿ (ಜಿಲ್ಲೆಯ ಆಸ್ತಿ ದಾಖಲೆಗಳ ಕಚೇರಿ) ದಾಖಲಿಸುವ ಮೆಕ್ಯಾನಿಕ್ಸ್ ಲೀನ್ (ದುಡಿದವರ ಬಾಕಿಯ ಹಕ್ಕು) ಆಸ್ತಿಯ ಮೇಲೆಯೇ ಹೊರೆಯಾಗಿ ನಿಲ್ಲುವುದರಿಂದ, ಅದನ್ನು ತೀರಿಸದೆ ಆಸ್ತಿಯನ್ನು ಮಾರುವುದಾಗಲಿ, ಅದರ ಮೇಲೆ ಹೊಸ ಸಾಲ ಪಡೆಯುವುದಾಗಲಿ ಮಾಲೀಕರಿಗೆ ಕಷ್ಟವಾಗುತ್ತದೆ. ಪಾವತಿ ತಡೆ ನೋಟಿಸ್ ಹಿಡಿಯುವುದು ಆಸ್ತಿಯನ್ನಲ್ಲ, ಇನ್ನೂ ಬಟವಾಡೆಯಾಗದ ನಿರ್ಮಾಣದ ಹಣವನ್ನು; ಸಾಲ ಕೊಟ್ಟ ಬ್ಯಾಂಕು ಆ ಹಣವನ್ನು ತಡೆಹಿಡಿಯಲೇಬೇಕೆಂದರೆ ನೋಟಿಸಿನೊಂದಿಗೆ ಬಾಕಿಯ ಶೇ. 125ರಷ್ಟು ಮೊತ್ತದ ಬಾಂಡ್ (ಜಾಮೀನು ಪತ್ರ) ಕೊಡಬೇಕು.

ಎರಡಕ್ಕೂ ತಳಹದಿ ಒಂದೇ: ಕೆಲಸ ಆರಂಭಿಸಿದ 20 ದಿನಗಳೊಳಗೆ ಪ್ರಾಥಮಿಕ ನೋಟಿಸ್ (ತಾವು ಈ ಕಟ್ಟಡಕ್ಕೆ ದುಡಿಯುತ್ತಿದ್ದೇವೆಂದು ಮಾಲೀಕರಿಗೆ, ಮುಖ್ಯ ಗುತ್ತಿಗೆದಾರರಿಗೆ ಮತ್ತು ಸಾಲ ಕೊಟ್ಟವರಿಗೆ ತಿಳಿಸುವ ಪತ್ರ) ಕಳುಹಿಸಿರಬೇಕು. ತಡವಾದರೆ, ನೋಟಿಸಿಗೆ ಹಿಂದಿನ 20 ದಿನಗಳಿಂದೀಚಿನ ಕೆಲಸಕ್ಕೆ ಮಾತ್ರ ರಕ್ಷಣೆ ಸಿಗುತ್ತದೆ.

ಲೀನ್ ದಾಖಲಿಸಲು ಕೆಲಸ ಮುಗಿದ ಬಳಿಕ 90 ದಿನಗಳ ಅವಕಾಶವಿದ್ದರೂ, ಕಟ್ಟಡದ ಕೆಲಸ ಪೂರ್ಣಗೊಂಡಿದೆ ಎಂಬ ನೋಟಿಸನ್ನು ಮಾಲೀಕರು ದಾಖಲಿಸಿದರೆ ಉಪಗುತ್ತಿಗೆದಾರರಿಗೆ ಅಲ್ಲಿಂದ ಉಳಿಯುವುದು 30 ದಿನ ಮಾತ್ರ. ದಾಖಲಿಸಿ ಸುಮ್ಮನಿರುವುದು ದೊಡ್ಡ ತಪ್ಪು; ಮತ್ತೆ 90 ದಿನಗಳೊಳಗೆ ದಾವೆ ಹೂಡದಿದ್ದರೆ ಲೀನ್ ಜಾರಿಗೆ ಬಾರದು.

ಸಾಲದ ಖಾತೆಯಲ್ಲಿ ಹಣ ಇನ್ನೂ ಉಳಿದಿದ್ದರೆ ತಡೆ ನೋಟಿಸನ್ನೇ ಮೊದಲು ಕೊಡುವುದು ಲೇಸೆಂದು ನನ್ನ ಅಭಿಪ್ರಾಯ, ಏಕೆಂದರೆ ಆ ಹಣ ಕರಗಿದ ಮೇಲೆ ನೋಟಿಸಿಗೆ ಹಿಡಿಯಲು ಏನೂ ಇರುವುದಿಲ್ಲ. ಎರಡನ್ನೂ ಒಟ್ಟಿಗೆ ಬಳಸಲು ಅಡ್ಡಿಯಿಲ್ಲ. ಸರ್ಕಾರಿ ಕಾಮಗಾರಿಯಲ್ಲಿ ಮಾತ್ರ ಲೀನ್‌ಗೆ ಅವಕಾಶವೇ ಇಲ್ಲ.